ಗಂಗಾಧರ ಚಿತ್ತಾಲರನ್ನು ಓದದಿರಲು ನಾಲ್ಕು ನೆಪಗಳು

ಕವಿಯೊಬ್ಬನನ್ನು ಅತ್ಯಂತ ಗೌರವದಿಂದ ಮರೆಯುವ ವಿಧಾನವೆಂದರೆ ಅವನನ್ನು ಮತ್ತೆ ಮತ್ತೆ ಪರಿಚಯಿಸುತ್ತಿರುವುದು. ಈ ಕಲೆಯಲ್ಲಿ ನಮ್ಮ ಹೊರನಾಡಿನ ವೇದಿಕೆಗಳು ಪಳಗಿವೆ. ಠಾಣೆಯಿರಲಿ, ಡೊಂಬಿವಲಿಯಿರಲಿ, ಕಲ್ಯಾಣವಿರಲಿ, ನವಿಮುಂಬಯಿಯ ವಾಶಿ ನೆರೂಳುಗಳಿರಲಿ, ಮುಂಬಯಿ ಕನ್ನಡ ಸಾಹಿತ್ಯದ ಮಾತು ಬಂದ ಕೂಡಲೇ ಹೆಸರುಗಳ ಒಂದು ಮಾಲೆ ಹೊರಬರುತ್ತದೆ. ಮಾಲೆಯಲ್ಲಿ ಗಂಗಾಧರ ಚಿತ್ತಾಲರ ಹೆಸರು ತಪ್ಪದೆ ಇರುತ್ತದೆ. ಹುಟ್ಟಿದ ಊರು, ಪರೀಕ್ಷೆಯಲ್ಲಿ ಗಳಿಸಿದ ಸ್ಥಾನ, ಏರಿದ ಹುದ್ದೆ, ಸಂಕಲನಗಳ ಪಟ್ಟಿ, ಕಾಡಿದ ಕಾಯಿಲೆ, ತೀರಿಕೊಂಡ ವರ್ಷ. ಚಪ್ಪಾಳೆ. ಆಮೇಲೆ ಸನ್ಮಾನ, ವಂದನಾರ್ಪಣೆ, ಊಟ. ಇಷ್ಟರ ನಡುವೆ ಕವಿತೆಗೆ ಮಾತ್ರ ಹೊತ್ತಿರುವುದಿಲ್ಲ.

ಆ ವಿವರಗಳನ್ನು ನಾವೂ ಒಮ್ಮೆ ಹೇಳಿ ಮುಗಿಸೋಣ. ಗಂಗಾಧರ ಚಿತ್ತಾಲರು 1923ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಹನೇಹಳ್ಳಿಯಲ್ಲಿ ಹುಟ್ಟಿದರು. ಕುಮಟಾದ ಗಿಬ್ ಹೈಸ್ಕೂಲಿನಲ್ಲಿ ಓದಿ, 1940ರ ಮೆಟ್ರಿಕ್ ಪರೀಕ್ಷೆಯಲ್ಲಿ ಅಂದಿನ ಇಡೀ ಮುಂಬಯಿ ಪ್ರಾಂತಕ್ಕೆ ಮೊದಲಿಗರಾದರು. ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಪದವಿಯ ಓದು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಇಂಡಿಯನ್ ಆಡಿಟ್ ಅಂಡ್ ಅಕೌಂಟ್ಸ್ ಸರ್ವಿಸ್ ಸೇರಿದರು. 1949ರಲ್ಲಿ ‘ಕಾಲದ ಕರೆ’, ಅನಂತರ ‘ಮನುಕುಲದ ಹಾಡು’, 1970ರಲ್ಲಿ ‘ಹರಿವ ನೀರಿದು’, ಕೊನೆಗೆ ‘ಸಂಪರ್ಕ’. ಪಾರ್ಕಿನ್ಸನ್ ಕಾಯಿಲೆಯೊಡನೆ ದೀರ್ಘಕಾಲ ಸೆಣಸಿ 1987ರಲ್ಲಿ ತೀರಿಕೊಂಡರು. ಇದಿಷ್ಟೂ ನಿಜ. ಇದಿಷ್ಟನ್ನು ಬಾಯಿಪಾಠ ಮಾಡಿದವರಿಗೆ ಅವರ ಒಂದು ಪದ್ಯದ ಲಯವೂ ಕಿವಿಗೆ ಬಿದ್ದಿರಬೇಕಾಗಿಲ್ಲ ಎಂಬುದೂ ಅಷ್ಟೇ ನಿಜ.

ನಮ್ಮ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ಚಿತ್ತಾಲರಿಗೆ ಕನ್ನಡಿಗರು ಅಂಟಿಸಿರುವ ವಿಶೇಷಣಗಳು ನಾಲ್ಕು: ಯಶವಂತರ ಅಣ್ಣ, ದೊಡ್ಡ ಅಧಿಕಾರಿ, ಮಿತವಾಗಿ ಬರೆದವರು, ಹೊರನಾಡ ಕವಿ. ಕೇಳಲು ಇವು ಹೊಗಳಿಕೆಗಳಂತಿವೆ. ನಮ್ಮ ದೃಷ್ಟಿಯಲ್ಲಿ ನಾಲ್ಕೂ ಅವರನ್ನು ಓದದಿರಲು ಹುಡುಕಿಕೊಂಡ ನೆಪಗಳು. ಒಂದೊಂದನ್ನೇ ತೆಗೆದುಕೊಳ್ಳೋಣ.

ಮೊದಲನೆಯದು, ‘ಯಶವಂತ ಚಿತ್ತಾಲರ ಅಣ್ಣ’. ಯಶವಂತರ ಹಿರಿಮೆಯ ಬಗ್ಗೆ ಯಾರಿಗೂ ಅನುಮಾನವಿಲ್ಲ. 1979ರ ‘ಶಿಕಾರಿ’ ಮುಂಬಯಿಯ ಕಚೇರಿ ಬದುಕಿನ ಕ್ರೌರ್ಯವನ್ನು ಕನ್ನಡಕ್ಕೆ ತಂದ ಕಾದಂಬರಿ. ‘ಕಥೆಯಾದಳು ಹುಡುಗಿ’ಗೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಹನೇಹಳ್ಳಿ ಎಂಬ ಪುಟ್ಟ ಊರು ಕನ್ನಡದ ಓದುಗರೆಲ್ಲರಿಗೆ ತಮ್ಮದೇ ಊರೆನ್ನಿಸಿದ್ದು ಅವರ ಕತೆಗಳಿಂದ. ಆದರೆ ತಮ್ಮನ ಬೆಳಕಿನಲ್ಲಿ ಅಣ್ಣನನ್ನು ನೋಡುವ ಈ ಕ್ರಮದಲ್ಲಿ ಒಂದು ತಲೆಕೆಳಗು ಇದೆ. ‘ಕಾಲದ ಕರೆ’ ಪ್ರಕಟವಾದಾಗ ಯಶವಂತರಿಗೆ ಇಪ್ಪತ್ತು ದಾಟಿತ್ತಷ್ಟೆ; ಆ ಮನೆಯಲ್ಲಿ ಮೊದಲು ಪುಸ್ತಕವಾದದ್ದು ಅಣ್ಣನ ಕವಿತೆ. ಕತೆಗೆ ಪಾತ್ರಗಳಿರುತ್ತವೆ, ಘಟನೆಗಳಿರುತ್ತವೆ. ಓದದವರೂ ಕೇಳಿದ್ದನ್ನು ಹೇಳಿಬಿಡಬಹುದು. ಕವಿತೆಯನ್ನು ಹೀಗೆ ಹೇಳಿ ಮುಗಿಸಲಾಗುವುದಿಲ್ಲ, ಓದಲೇಬೇಕು. ಆದ್ದರಿಂದ ಕವಿಯನ್ನು ಕತೆಗಾರನ ಬಂಧುವನ್ನಾಗಿ ಮಾಡಿಬಿಟ್ಟರೆ ಕೆಲಸ ಹಗುರವಾಗುತ್ತದೆ. ಸಂಬಂಧ ಹೇಳಿದರೆ ಸಾಕು, ಸಾಲು ಹೇಳಬೇಕಾಗಿಲ್ಲ.

ಎರಡನೆಯದು, ‘ಅಷ್ಟು ದೊಡ್ಡ ಅಧಿಕಾರಿಯಾಗಿದ್ದೂ ಕವಿತೆ ಬರೆದರು’ ಎಂಬ ಮಾತು. ಈ ‘ಇದ್ದೂ’ ಎಂಬ ಎರಡಕ್ಷರದಲ್ಲಿ ಇಡೀ ಅಸಡ್ಡೆ ಅಡಗಿದೆ. ಇದಕ್ಕೆ ಎರಡು ಮುಖ. ಒಂದು, ಹುದ್ದೆಯ ಮುಂದೆ ಕೈಕಟ್ಟಿ ನಿಲ್ಲುವ ಮುಖ: ಅಂಥವರು ನಮ್ಮವರು ಎಂಬ ಹೆಮ್ಮೆ. ಇನ್ನೊಂದು, ಅನುಕಂಪದ ಮುಖ: ಕಡತಗಳ ನಡುವೆ ಪ್ರತಿಭೆ ಬತ್ತಿಹೋಯಿತು, ನೌಕರಿ ಇಲ್ಲದಿದ್ದರೆ ಇನ್ನೆಷ್ಟು ಬರೆಯುತ್ತಿದ್ದರೋ ಎಂಬ ಲೊಚಗುಟ್ಟುವಿಕೆ. ಎರಡು ಮುಖಗಳೂ ಕವಿತೆಯ ಕಡೆಗೆ ತಿರುಗಿಲ್ಲ.

ಇಂಗ್ಲಿಷ್ ಎಂ.ಎ. ತರಗತಿಗಳಲ್ಲಿ ಕೂತ ನಮ್ಮಂಥವರಿಗೆ ಬೇರೆಯದೇ ಪಾಠವಾಗಿದೆ. ‘ದಿ ವೇಸ್ಟ್ ಲ್ಯಾಂಡ್’ 1922ರಲ್ಲಿ ಹೊರಬಂದಾಗ ಎಲಿಯಟ್ ಲಂಡನ್ನಿನ ಲಾಯ್ಡ್ಸ್ ಬ್ಯಾಂಕಿನ ನೌಕರ. ವಾಲೇಸ್ ಸ್ಟೀವನ್ಸ್ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ವಿಮಾ ಕಂಪನಿಯೊಂದರ ಉಪಾಧ್ಯಕ್ಷ. ಅವರ ವಿಷಯದಲ್ಲಿ ಬ್ಯಾಂಕನ್ನೂ ವಿಮೆಯನ್ನೂ ಆಧುನಿಕ ಕವಿಯ ಅನುಭವದ ಭಾಗವೆಂದು ಟಿಪ್ಪಣಿ ಬರೆದು ಅಂಕ ಗಳಿಸಿದವರೇ, ಕನ್ನಡದ ಕವಿ ಆಡಿಟ್ ಇಲಾಖೆಯಲ್ಲಿದ್ದರು ಎಂದೊಡನೆ ಅಯ್ಯೋ ಪಾಪ ಎನ್ನುವುದು ಯಾವ ನ್ಯಾಯ? ಪರಭಾಷೆಯ ಕವಿಗೆ ಕೊಟ್ಟ ಅಳತೆಗೋಲನ್ನು ನಮ್ಮ ಕವಿಗೆ ಕೊಡದಿರುವುದನ್ನು ವಿನಯವೆನ್ನಲಾಗದು, ಅದು ಸೋಮಾರಿತನ.

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿಯುವ ನಮಗೆ ಆಡಿಟ್ಟಿನವರ ಸ್ವಭಾವ ಗೊತ್ತು. ಅವರು ದೊಡ್ಡ ಮಾತಿಗೆ ಮಣಿಯುವುದಿಲ್ಲ. ಖರ್ಚಾಯಿತು ಎಂದರೆ ಯಾರ ಮಂಜೂರಾತಿ, ವೋಚರ್ ಎಲ್ಲಿ ಎಂದು ಕೇಳುತ್ತಾರೆ. ಬರೆದದ್ದಕ್ಕೂ ನಡೆದದ್ದಕ್ಕೂ ತಾಳೆಯಾಗದಿದ್ದರೆ ಆಕ್ಷೇಪಣೆ ಬರೆಯುತ್ತಾರೆ. ಈ ಶಿಸ್ತು ಕವಿತೆಗೆ ಶತ್ರುವೆಂದು ಹೇಳಿದವರು ಯಾರು? ಚಿತ್ತಾಲರ ನಾಲ್ಕು ಶೀರ್ಷಿಕೆಗಳನ್ನೇ ಒಂದರ ಕೆಳಗೊಂದು ಬರೆದು ನೋಡಬೇಕು. ಮೊದಲನೆಯದು ಕಾಲದ ಕರೆ, ಎರಡನೆಯದು ಇಡೀ ಮನುಕುಲದ ಹಾಡು. ಹೊಸ ಸ್ವಾತಂತ್ರ್ಯದ ದಿನಗಳಿಗೆ ತಕ್ಕ ವಿಶಾಲವಾದ, ಸಾರ್ವಜನಿಕವಾದ ಮಾತುಗಳು. ಮೂರನೆಯದು ಹರಿವ ನೀರು. ಕಣ್ಣ ಮುಂದಿನ ಒಂದು ವಸ್ತು. ನಾಲ್ಕನೆಯದು ಸಂಪರ್ಕ, ಒಂದು ಜೀವ ಇನ್ನೊಂದನ್ನು ತಾಗುವ ಕ್ರಿಯೆ. ಆಕಾಶದಲ್ಲಿದ್ದ ಮಾತು ನೆಲಕ್ಕಿಳಿದು, ನೀರಿಗಿಳಿದು, ಕೊನೆಗೆ ಚರ್ಮದ ಮೇಲೆ ಬಂದು ನಿಂತಿದೆ. ತನ್ನ ದೊಡ್ಡ ಮಾತುಗಳಿಗೆ ತಾನೇ ಪುರಾವೆ ಕೇಳಿಕೊಂಡ ಕವಿ ಮಾತ್ರ ಹೀಗೆ ನಡೆಯಬಲ್ಲ. ಕಡತ ಕವಿಯನ್ನು ಕೊಂದಿತೆಂದು ಮರುಗುವವರು ಈ ನಾಲ್ಕು ಹೆಸರುಗಳಷ್ಟನ್ನಾದರೂ ನಿಧಾನವಾಗಿ ಓದಲಿ.

ಮೂರನೆಯ ನೆಪ, ‘ಮಿತವಾಗಿ ಬರೆದರು, ನವ್ಯರ ಸಾಲಿನಲ್ಲೂ ಪೂರ್ತಿ ಸೇರುವವರಲ್ಲ’. ಮೊದಲ ಭಾಗಕ್ಕೆ ಉತ್ತರ ಚಿಕ್ಕದು. 1949ರಿಂದ 1970ರವರೆಗಿನ 21 ವರ್ಷಗಳಲ್ಲಿ ಚಿತ್ತಾಲರು ಪ್ರಕಟಿಸಿದ್ದು ಮೂರು ಸಂಕಲನಗಳನ್ನು. ವರ್ಷಕ್ಕೊಂದು ಸಂಕಲನ ಬಿಡುಗಡೆ ಮಾಡಿ, ಬಿಡುಗಡೆಯ ಫೋಟೊ ಹಂಚಿ, ಮರುವರ್ಷ ಅದರ ಹೆಸರನ್ನೇ ಮರೆಯುವ ಕಾಲದಲ್ಲಿ ಈ ಮಿತಿಯನ್ನು ಕೊರತೆಯೆಂದು ಎಣಿಸುವುದೇ ವಿಚಿತ್ರ. ನಾಲ್ಕೇ ಪುಸ್ತಕಗಳಿವೆ ಎಂದರೆ ನಾಲ್ಕನ್ನೂ ಓದುವುದು ಸುಲಭ ಎಂದರ್ಥ. ಕಡಿಮೆ ಬರೆದರೆಂದು ದೂರುವವರು ಆ ಕಡಿಮೆಯನ್ನಾದರೂ ಓದಿ ಮುಗಿಸಿರಬೇಕಷ್ಟೆ.

ಎರಡನೆಯ ಭಾಗಕ್ಕೆ ತುಸು ದೀರ್ಘವಾದ ಉತ್ತರ ಬೇಕು. ಐವತ್ತರ ದಶಕದ ಹೊಸ್ತಿಲಲ್ಲಿ ನವ್ಯಕಾವ್ಯದ ಘೋಷಣೆಯನ್ನು ವಿ.ಕೃ. ಗೋಕಾಕರು ಮಾಡಿದ್ದು ಇದೇ ಮುಂಬಯಿಯಲ್ಲಿ ಸೇರಿದ್ದ ಕನ್ನಡ ಸಾಹಿತ್ಯ ಸಮ್ಮೇಳನದ ಕವಿಗೋಷ್ಠಿಯಲ್ಲಿ. ಮುಂದೆ ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ (1954), ‘ಭೂಮಿಗೀತ’ (1959) ಬಂದ ಮೇಲೆ ನವ್ಯದ ಶ್ರುತಿ ಗಟ್ಟಿಯಾಯಿತು. ಅಡಿಗರು ದೊಡ್ಡ ಕವಿ. ಅವರ ದಾರಿ ದೊಡ್ಡ ದಾರಿ. ಕೇಡು ಸಂಭವಿಸಿದ್ದು ಅವರ ಬೆನ್ನಿಗೆ ಬಂದ ವಿಮರ್ಶೆಯಿಂದ. ವ್ಯಂಗ್ಯ, ಕ್ರೋಧ, ಬಿಗಿದ ಪ್ರತಿಮೆ, ಒಡೆದ ಲಯ ಇದ್ದರೆ ನವ್ಯ, ಇಲ್ಲದಿದ್ದರೆ ಹಳತು ಎಂಬ ಮಾಪು ತಯಾರಾಯಿತು. ಆ ಮಾಪಿಗೆ ಒಗ್ಗದವರನ್ನು ‘ವಿಶಿಷ್ಟ ಕವಿ’ ಎಂದು ಕರೆದು ಬದಿಗಿರಿಸಲಾಯಿತು. ವಿಮರ್ಶೆಯ ಭಾಷೆಯಲ್ಲಿ ‘ವಿಶಿಷ್ಟ’ ಎಂದರೆ ಹಲವು ಸಲ ‘ಸಾಲಿನಲ್ಲಿ ಜಾಗವಿಲ್ಲ’ ಎಂದೇ ಅರ್ಥ. ‘ಕಾಮಸೂತ್ರ’ದಂಥ ಕವಿತೆಯಲ್ಲಿ ದೇಹದ ಕಾಮವನ್ನು ಕಾವ್ಯದ ವಸ್ತುವಾಗಿ ಎತ್ತಿಕೊಂಡ ಕವಿಯನ್ನು ಆಧುನಿಕನಲ್ಲವೆನ್ನಲು ಎಂಥ ಮಾಪು ಬೇಕು?

ಆಧುನಿಕತೆಗೆ ಒಂದೇ ಮುಖವೆಂಬ ಭ್ರಮೆ ಬೇರೆ ನಾಡುಗಳ ಓದಿನಿಂದ ಬಿಡಬಹುದು. ನಾರ್ವೆಯ ಉದಾಹರಣೆಯನ್ನೇ ನೋಡಬಹುದು. ಅಲ್ಲಿ ರೋಲ್ಫ್ ಯಾಕೋಬ್‌ಸನ್ 1933ರಲ್ಲಿ ಪ್ರಕಟಿಸಿದ ಮೊದಲ ಸಂಕಲನದ ಹೆಸರಿಗೆ ‘ಮಣ್ಣು ಮತ್ತು ಕಬ್ಬಿಣ’ ಎಂದರ್ಥ. ಯಂತ್ರಗಳನ್ನೂ ನಗರವನ್ನೂ ಮುಕ್ತಛಂದದಲ್ಲಿ ಕವಿತೆಗೆ ಕರೆತಂದ ಪುಸ್ತಕ ಅದು. ಅದೇ ತಲೆಮಾರಿನ ಓಲಾವ್ ಹೌಗೆ ಉಲ್ವಿಕ್ ಎಂಬ ಹಳ್ಳಿಯಲ್ಲಿ ಸೇಬಿನ ತೋಟ ಮಾಡಿಕೊಂಡಿದ್ದವರು. ಅವರ ಮೊದಲ ಸಂಕಲನ ಬಂದದ್ದು 1946ರಲ್ಲಿ, ವಯಸ್ಸು ನಲವತ್ತರ ಹತ್ತಿರ ಬಂದಾಗ. ಸಾನೆಟ್ಟಿನಂಥ ಹಳೆಯ ಬಂಧಗಳಲ್ಲಿ ಆರಂಭಿಸಿ, ಬರಬರುತ್ತ ಮಾತನ್ನು ಕಡಿಮೆ ಮಾಡುತ್ತ, ಮನೆಯಂಗಳದ ವಸ್ತುಗಳನ್ನಷ್ಟೇ ಹೆಸರಿಸುವ ಪುಟ್ಟ ಕವಿತೆಗಳಿಗೆ ಬಂದರು. ಬರೆದದ್ದು ನಾರ್ವೆಯ ಎರಡು ಬರಹರೂಪಗಳಲ್ಲಿ ಕಡಿಮೆ ಜನ ಬಳಸುವ ನೀನೋರ್ಸ್ಕ್‌ನಲ್ಲಿ. ಇಂದು ಯಾಕೋಬ್‌ಸನ್ನರೂ ಆಧುನಿಕರೇ, ಹೌಗೆಯೂ ಆಧುನಿಕರೇ. ಉಲ್ವಿಕ್‌ನಲ್ಲಿ ಹೌಗೆಯ ಹೆಸರಿನ ಒಂದು ಕೇಂದ್ರವೇ ಇದೆ. ಅವರ ಕವಿತೆಗಳನ್ನು ಇಂಗ್ಲಿಷಿಗೆ ತಂದವರಲ್ಲಿ ಅಮೆರಿಕದ ಕವಿ ರಾಬರ್ಟ್ ಬ್ಲೈ ಒಬ್ಬರು. ತೋಟಗಾರನಾಗಿದ್ದರಿಂದ, ತಡವಾಗಿ ಬಂದಿದ್ದರಿಂದ, ಸಣ್ಣ ಭಾಷಾರೂಪದಲ್ಲಿ ಬರೆದದ್ದರಿಂದ ಆ ಕವಿ ಸಣ್ಣವನಾಗಲಿಲ್ಲ. ಮುಂಬಯಿ ಮಹಾನಗರವಿಡೀ ಸೇರಿದರೆ ಎಷ್ಟು ಜನವೋ ಅದಕ್ಕಿಂತ ಎಷ್ಟೋ ಕಡಿಮೆ ಜನಸಂಖ್ಯೆಯ ದೇಶವದು. ಅಷ್ಟು ಜನ ಸೇರಿ ತಮ್ಮ ತೋಟಗಾರನನ್ನು ಓದಿ ಉಳಿಸಿಕೊಂಡಿದ್ದಾರೆ. ಕೋಟಿಗಟ್ಟಲೆ ಜನರ ನಮ್ಮ ಭಾಷೆ ತನ್ನ ಲೆಕ್ಕಪರಿಶೋಧಕನನ್ನು ಪಟ್ಟಿಯಲ್ಲಿ ಸೇರಿಸಿ ಕೈತೊಳೆದುಕೊಂಡಿದೆ.

ನಾಲ್ಕನೆಯ ನೆಪ ನಮಗೆ ಅತ್ಯಂತ ಪ್ರಿಯವಾದದ್ದು: ‘ಹೊರನಾಡ ಕವಿ’. ಈ ಪದವನ್ನು ಬೆಂಗಳೂರಿನವರು ಬಳಸುವುದು ವಿಂಗಡಣೆಯ ಅನುಕೂಲಕ್ಕೆ. ನಾವು ಬಳಸುವುದು ಮೀಸಲಾತಿಯ ಆಸೆಗೆ. ಸಮ್ಮೇಳನದಲ್ಲೊಂದು ಗೋಷ್ಠಿ, ಅಕಾಡೆಮಿಯಲ್ಲೊಂದು ಸದಸ್ಯತ್ವ, ರಾಜ್ಯೋತ್ಸವ ಪಟ್ಟಿಯಲ್ಲೊಂದು ಹೆಸರು, ಭವನಕ್ಕೊಂದಿಷ್ಟು ಅನುದಾನ. ಇವೆಲ್ಲ ಬೇಡವೆನ್ನುವಷ್ಟು ವಿರಾಗಿಗಳು ನಾವಲ್ಲ. ಆದರೆ ಚಿತ್ತಾಲರಿಗೆ ಈ ಪದ ಚರಿತ್ರೆಯ ದೃಷ್ಟಿಯಿಂದಲೇ ಸಲ್ಲದು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿಂದ ಮುಂದೆ 1956ರ ನವೆಂಬರ್ 1ರವರೆಗೆ ಹನೇಹಳ್ಳಿಯ ರಾಜಧಾನಿ ಮುಂಬಯಿಯೇ. 1940ರಲ್ಲಿ ಮುಂಬಯಿ ಪ್ರಾಂತಕ್ಕೆ ಮೊದಲಿಗರಾದ ಹುಡುಗ ತನ್ನ ಸ್ವಂತ ನಾಡಿಗೇ ಮೊದಲಿಗನಾದದ್ದು. ‘ಕಾಲದ ಕರೆ’ ಪ್ರಕಟವಾದಾಗ ಹನೇಹಳ್ಳಿಯ ಕವಿಗೆ ಮುಂಬಯಿ ಹೊರನಾಡಾಗಿರಲಿಲ್ಲ. ಗಡಿರೇಖೆ ಆಮೇಲೆ ಜರುಗಿತು, ಕವಿ ಜರುಗಲಿಲ್ಲ.

ನಮ್ಮ ನೆರೆಯವರಿಂದಲೂ ಇಲ್ಲಿ ಕಲಿಯುವುದಿದೆ. ಆಧುನಿಕ ಮರಾಠಿ ಕಾವ್ಯದ ಪ್ರವರ್ತಕ ಕೇಶವಸುತರು ವೃತ್ತಿಯಿಂದ ಶಾಲಾಮಾಸ್ತರರು. ಅವರು 1905ರಲ್ಲಿ ಪ್ಲೇಗಿಗೆ ಬಲಿಯಾದದ್ದು ನಮ್ಮ ಹುಬ್ಬಳ್ಳಿಯಲ್ಲಿ. ಹಾಗೆಂದು ಯಾವ ಮರಾಠಿ ಓದುಗನೂ ಅವರನ್ನು ಹೊರನಾಡ ಕವಿ ಎಂದದ್ದಿಲ್ಲ. ಅವರ ಹುಟ್ಟೂರಾದ ರತ್ನಾಗಿರಿ ಜಿಲ್ಲೆಯ ಮಾಲಗುಂಡದಲ್ಲಿ ಸ್ಮಾರಕವಿದೆ. ಗಣಪತಿಪುಳೆಗೆ ಹೋಗುವ ಡೊಂಬಿವಲಿ ಕಲ್ಯಾಣಗಳ ಕುಟುಂಬಗಳು ಹಾದಿಯಲ್ಲಿ ಅದನ್ನೂ ನೋಡಿ ಬರುತ್ತವೆ. ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ 2017ರಲ್ಲಿ ಡೊಂಬಿವಲಿಯಲ್ಲೇ ನಡೆಯಿತು. ಠಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿ ಅದೇ ಕರಾವಳಿಯುದ್ದಕ್ಕೂ ಕುಮಟಾ, ಭಟ್ಕಳ, ಉಡುಪಿಗಳಿಗೆ ಹೋಗುವ ನಮ್ಮವರು ಗೋಕರ್ಣ ರೋಡ್ ನಿಲ್ದಾಣ ಬಂದಾಗ ಮಹಾಬಲೇಶ್ವರನನ್ನು ನೆನೆಯುತ್ತಾರೆ, ನೆನೆಯಲಿ. ಆ ಆಸುಪಾಸಿನಲ್ಲೇ ಹನೇಹಳ್ಳಿಯೂ ಇದೆಯೆಂದು ಜೊತೆಗಿದ್ದ ಮಕ್ಕಳಿಗೆ ಹೇಳುವವರು ಎಷ್ಟು ಜನ?

ನಾಲ್ಕು ನೆಪಗಳ ಮೇಲೆ ಐದನೆಯದಾಗಿ ಅನುಕಂಪದ ಮಾತೊಂದು ಬರುತ್ತದೆ, ಅದು ಕಾಯಿಲೆಯದು. ಪಾರ್ಕಿನ್ಸನ್ ಎಂದ ಕೂಡಲೇ ಸಭೆಯ ದನಿ ತಗ್ಗುತ್ತದೆ. ಕೈ ನಡುಗುತ್ತಿದ್ದ ಕವಿಯ ಚಿತ್ರ ಕಣ್ಣೀರು ತರಿಸುತ್ತದೆ. ಆದರೆ ತನ್ನ ದೇಹವೇ ತನ್ನ ಮಾತು ಕೇಳದಾದಾಗ ಒಬ್ಬ ಕವಿ ‘ಸಂಪರ್ಕ’ ಎಂಬ ಹೆಸರನ್ನು ತನ್ನ ಪುಸ್ತಕಕ್ಕೆ ಇಡುತ್ತಾನೆಂದರೆ ಅದು ಕಣ್ಣೀರಿನ ವಿಷಯವಲ್ಲ, ವಿಚಾರದ ವಿಷಯ. ಮರುಕ ಪಡುವುದು ಓದಿಗಿಂತ ಅಗ್ಗ. ಆ ಅಗ್ಗದ ಸರಕನ್ನು ಕವಿಗೆ ಕೊಟ್ಟು ಋಣ ತೀರಿತೆಂದುಕೊಳ್ಳುವುದು ಯಾವ ಲೆಕ್ಕದಲ್ಲೂ ತಾಳೆಯಾಗದು.

ಈ ಮಾತಿಗೆ ಬರುವ ಆಕ್ಷೇಪ ನಮಗೆ ತಿಳಿದದ್ದೇ. ‘ಸಂಘ ನಡೆಸುವವರ ಕಷ್ಟ ನಿಮಗೇನು ಗೊತ್ತು? ಯಕ್ಷಗಾನವಿಟ್ಟರೆ ಸಭಾಂಗಣ ತುಂಬುತ್ತದೆ, ಕವಿತೆಯೆಂದರೆ ಮೊದಲ ಸಾಲೇ ಖಾಲಿ.’ ಈ ಆಕ್ಷೇಪದಲ್ಲಿ ಸತ್ಯವಿದೆ. ಸಭಾಂಗಣದ ಬಾಡಿಗೆ ಕಟ್ಟುವವರ ಸಂಕಟವನ್ನು ಹಗುರವಾಗಿ ಕಾಣಲು ನಾವು ತಯಾರಿಲ್ಲ. ಕಚೇರಿ ಮುಗಿಸಿ, ಒಂದು ಗಂಟೆಗೂ ಮಿಕ್ಕಿ ಲೋಕಲ್ಲಿನಲ್ಲಿ ನಿಂತು ಬಂದು, ರಾತ್ರಿ ಕುರ್ಚಿ ಜೋಡಿಸುವವರಿಂದಲೇ ಇಲ್ಲಿ ಕನ್ನಡದ ದೀಪ ಆರದೆ ಉಳಿದಿದೆ. ಆದರೆ ಯಕ್ಷಗಾನಕ್ಕೂ ಕವಿತೆಗೂ ಜಗಳವಿಲ್ಲ. ಭಾಗವತರು ಹಾಡುವುದು ಪದ್ಯವನ್ನೇ. ಪದ್ಯವನ್ನು ಕೇಳಿ, ಅದರ ಅರ್ಥವನ್ನು ಮಾತಿನಲ್ಲಿ ಬಿಡಿಸುವುದನ್ನು ಮತ್ತೆ ಕೇಳಿ ಆನಂದಿಸುವ ಅಭ್ಯಾಸ ತಾಳಮದ್ದಳೆಯ ಊರುಗಳಿಂದ ಬಂದ ನಮ್ಮವರಿಗೆ ರಕ್ತಗತವಾಗಿದೆ. ಒಂದು ಪದ್ಯ ಹಾಡಿ ಅರ್ಧ ಗಂಟೆ ಅರ್ಥ ಹೇಳಿದರೂ ಕದಲದೆ ಕೂರುವ ಸಭೆಗೆ ಚಿತ್ತಾಲರ ಒಂದು ಕವಿತೆ ಭಾರವಾಗುತ್ತದೆಂದು ನಿರ್ಧರಿಸಿದವರು ಸಭೆಯವರಲ್ಲ, ಸಂಘಟಕರು.

ಇಲ್ಲಿ ಪಣಕ್ಕಿರುವುದು ಒಬ್ಬ ಕವಿಯ ಕೀರ್ತಿಯಷ್ಟೇ ಆಗಿದ್ದರೆ ನಾವು ಇಷ್ಟು ಕಟುವಾಗಿ ಬರೆಯುತ್ತಿರಲಿಲ್ಲ. ಕೀರ್ತಿಯ ಹಂಗು ಸತ್ತ ಕವಿಗೆ ಇರುವುದಿಲ್ಲ. ಪಣಕ್ಕಿರುವುದು ಇಲ್ಲಿಯ ಕನ್ನಡದ ಸ್ವರೂಪ. ನಮ್ಮಲ್ಲಿ ಹೆಚ್ಚಿನವರ ದುಡಿಮೆ ಇಂಗ್ಲಿಷಿನಲ್ಲಿ, ಬೀದಿ ಮರಾಠಿ ಹಿಂದಿಗಳಲ್ಲಿ, ಎಷ್ಟೋ ಮನೆಗಳ ಅಡುಗೆಮನೆ ತುಳುವಿನಲ್ಲಿ, ಕೊಂಕಣಿಯಲ್ಲಿ. ಹಾಗಾದರೆ ಕನ್ನಡಕ್ಕೆ ಉಳಿದದ್ದೇನು? ಪೂಜೆಯ ಆಮಂತ್ರಣ, ಸನ್ಮಾನಪತ್ರ, ಊರಿನ ನೆನಪು. ನೆನಪಿಗಷ್ಟೇ ಬಳಕೆಯಾಗುವ ಭಾಷೆ ನೆನಪುಳ್ಳವರೊಡನೆಯೇ ಮುಗಿಯುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಊರಿನ ನೆನಪಿಲ್ಲ. ಇಲ್ಲದ ನೆನಪನ್ನು ವರ್ಷಕ್ಕೊಮ್ಮೆ ಅವರ ಹಣೆಗೆ ಹಚ್ಚಿದರೆ ಅದು ಅಂಟುವುದಿಲ್ಲ. ದಿನವಿಡೀ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದ ಕೇಂದ್ರ ಸರ್ಕಾರದ ಅಧಿಕಾರಿಯೊಬ್ಬರು ಕಾಲದ ಬಗ್ಗೆ, ಕಾಮದ ಬಗ್ಗೆ, ಕೈಬಿಡುತ್ತಿರುವ ತಮ್ಮ ದೇಹದ ಬಗ್ಗೆ ಕೊನೆಯವರೆಗೂ ಕನ್ನಡದಲ್ಲೇ ಯೋಚಿಸಿದರು ಎಂಬುದು ಆ ಮಕ್ಕಳಿಗೆ ತೋರಿಸಬಹುದಾದ ಪುರಾವೆ. ಕನ್ನಡ ಯೋಚಿಸುವ ಭಾಷೆಯೂ ಹೌದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ವೋಚರ್ ನಮ್ಮ ಬಳಿ ಇನ್ನಾವುದಿದೆ?

ನಮ್ಮ ಬೇಡಿಕೆ ಸಣ್ಣದು. ಸ್ಮಾರಕ ಬೇಡ, ಪ್ರಶಸ್ತಿ ಬೇಡ, ಜನ್ಮದಿನದ ಬ್ಯಾನರೂ ಬೇಡ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಪ್ರತಿಯೊಂದು ಕನ್ನಡ ಬಳಗವೂ ವರ್ಷದ ಯಾವುದಾದರೊಂದು ಸಂಜೆ ಒಂದು ಗಂಟೆಯನ್ನು ಗಂಗಾಧರ ಚಿತ್ತಾಲರ ಒಂದೇ ಒಂದು ಕವಿತೆಗೆ ಕೊಡಲಿ. ಬಂದವರ ಕೈಗೆ ಕವಿತೆಯ ಪ್ರತಿ ಇರಲಿ. ಕನ್ನಡ ಕೇಳಿದರೆ ತಿಳಿಯುವ, ಆದರೆ ಲಿಪಿ ಬಾರದ ಮಕ್ಕಳಿಗಾಗಿ ಅದೇ ಕವಿತೆಯನ್ನು ದೇವನಾಗರಿಯಲ್ಲೂ ಬರೆಸಲಿ. ಒಬ್ಬರು ನಿಧಾನವಾಗಿ ಓದಲಿ. ತುಸು ಹೊತ್ತು ಬಿಟ್ಟು ಇನ್ನೊಬ್ಬರು ಮತ್ತೊಮ್ಮೆ ಓದಲಿ. ಅನಂತರ ಯಾರಿಗೆ ಯಾವ ಸಾಲು ತಡೆಯಿತು, ಯಾವುದು ತಟ್ಟಿತು ಎಂದು ಮಾತಾಡಲಿ. ಪುಸ್ತಕ ಸಿಗದಿದ್ದರೆ ಪ್ರಕಾಶಕರನ್ನು, ಗ್ರಂಥಾಲಯಗಳನ್ನು, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನು ಕೇಳಲಿ. ಯಾರೂ ಕೇಳದ ಪುಸ್ತಕ ಮರುಮುದ್ರಣವಾಗುವುದಿಲ್ಲ. ಒಂದು ನಿಯಮ ಮಾತ್ರ ಕಡ್ಡಾಯ: ಆ ಒಂದು ಗಂಟೆ ಯಾರೂ ಕವಿಯನ್ನು ಪರಿಚಯಿಸಕೂಡದು. ಅವರ ರ‍್ಯಾಂಕು, ಹುದ್ದೆ, ತಮ್ಮ, ಕಾಯಿಲೆ ಯಾವುದೂ ಆ ಕೋಣೆಯೊಳಗೆ ಬರಕೂಡದು.

ಪರಿಚಯ ಈಗಾಗಲೇ ಸಾಕಷ್ಟಾಗಿದೆ. ಬಾಕಿಯಿರುವುದು ಭೇಟಿ.